ಮೊದಲ ಮ್ಯಾರಥಾನ್‌ಗೆ ಗೆಳೆಯರ ನೆರವು: ಯಾರಿಗೆ ಯಾವ ಕೆಲಸ?

ಪ್ರಶ್ನೆ: ನಾನು 37 ವರ್ಷದ ಮಹಿಳೆ, ಊರು ಹುಬ್ಬಳ್ಳಿ. ಎರಡು ಹಾಫ್ ಮ್ಯಾರಥಾನ್ (21 ಕಿ.ಮೀ.) ಓಡಿದ್ದೇನೆ, ಒಳ್ಳೆಯ ಸಮಯ 2 ಗಂಟೆ 20 ನಿಮಿಷ. ಬರುವ ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ನಲ್ಲಿ ಮೊದಲ ಸಲ ಪೂರ್ತಿ 42 ಕಿ.ಮೀ. ಓಡಬೇಕೆಂದಿದ್ದೇನೆ. ಮೂವರು ಗೆಳೆಯರು ಬೆನ್ನಿಗಿದ್ದಾರೆ. ಒಬ್ಬ 10 ಕಿ.ಮೀ.ಯನ್ನು ಒಂದು ಗಂಟೆಯೊಳಗೆ ಓಡುತ್ತಾನೆ. ಇನ್ನೊಬ್ಬಳು ದಿನಾ ಸೈಕಲ್ ತುಳಿಯುವವಳು. ಮೂರನೆಯವ ಓಡುವುದಿಲ್ಲ, ಆದರೆ ಈಗ ದಾದರ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮೂರಿನವನೇ. ಕೊನೆಯ ಹತ್ತು ಕಿ.ಮೀ. ಜೊತೆಗೆ ಓಡುತ್ತೇನೆ ಎಂದು ಮೊದಲನೆಯವನು ಹೇಳುತ್ತಿದ್ದಾನೆ. ಓಡಬಹುದೇ? ಉಳಿದವರಿಂದ ಯಾವ ಸಹಾಯ ಪಡೆಯಲಿ?

ಉತ್ತರ: ಕೊನೆಯ ಹತ್ತು ಕಿ.ಮೀ. ಜೊತೆಗೆ ಓಡುವ ಮಾತನ್ನು ಮೊದಲು ಇತ್ಯರ್ಥ ಮಾಡೋಣ. ಅದು ಆಗದು. ಬಿಬ್ (ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿ) ಇಲ್ಲದವರು ನಡುದಾರಿಯಲ್ಲಿ ಇಳಿದು ಜೊತೆಗೆ ಓಡಿದರೆ ಅದನ್ನು ಹೊರಗಿನ ನೆರವು ಎಂದು ಲೆಕ್ಕ ಹಿಡಿಯುತ್ತಾರೆ, ನಿಮ್ಮ ಫಲಿತಾಂಶ ರದ್ದಾಗಬಹುದು. ಈ ನಿಯಮ ಎಷ್ಟು ಕಟ್ಟುನಿಟ್ಟು ಎನ್ನುವುದಕ್ಕೆ ದೊಡ್ಡ ಉದಾಹರಣೆಯೇ ಇದೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 42.195 ಕಿ.ಮೀ.ಯನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದರು. ವೇಗ ಕಾಯ್ದುಕೊಡಲು ಜೊತೆಗೆ ಓಡುವ ಪೇಸರ್‌ಗಳು ಸರದಿಯ ಮೇಲೆ ಒಳಗೆ ಬಂದು ಹೋಗುತ್ತಿದ್ದರು, ನೀರು ಸೈಕಲ್ ಮೇಲೆ ಬರುತ್ತಿತ್ತು. ಅದನ್ನು ವಿಶ್ವದಾಖಲೆ ಎಂದು ಬರೆದುಕೊಳ್ಳಲಿಲ್ಲ. ಇನ್ನೂ ಹಿಂದೆ ಹೋದರೆ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಕ್ರೀಡಾಂಗಣದೊಳಗೆ ಮೊದಲಿಗನಾಗಿ ಬಂದು ಮತ್ತೆ ಮತ್ತೆ ಕುಸಿದು ಬಿದ್ದರು. ಅಧಿಕಾರಿಗಳು ಎತ್ತಿ ನಿಲ್ಲಿಸಿ ಗೆರೆ ದಾಟಿಸಿದರು. ಆ ನೆರವಿನಿಂದಲೇ ಅವರು ಅನರ್ಹರಾದರು, ಚಿನ್ನ ಅಮೆರಿಕದ ಜಾನಿ ಹೇಯ್ಸ್ ಪಾಲಾಯಿತು. ಇನ್ನೊಬ್ಬರ ಬಿಬ್ ಹಾಕಿಕೊಂಡು ಬರುವುದಂತೂ ಬೇಡವೇ ಬೇಡ. ಬಿದ್ದರೆ ವೈದ್ಯರು ಬಿಬ್ ನೋಡಿ ಬೇರೆಯವರ ಹೆಸರು, ರಕ್ತದ ಗುಂಪು ಓದುತ್ತಾರೆ.

ಹಾಗೆಂದು ಆ ಗೆಳೆಯನನ್ನು ಕೈಬಿಡಬೇಡಿ. ಗೆಳೆಯರ ನೆರವಿನ ಮುಕ್ಕಾಲು ಪಾಲು ಬೇಕಾಗುವುದು ಓಟದ ದಿನ ಅಲ್ಲ, ಅದಕ್ಕೆ ಮುಂಚಿನ ಹದಿನಾರು ವಾರಗಳಲ್ಲಿ. ಮೂವರಿಗೂ ‘ನೀವೂ ಬನ್ನಿ’ ಎಂದಷ್ಟೇ ಹೇಳಿದರೆ ಮೂವರೂ ಒಂದೇ ಕೆಲಸ ಮಾಡುತ್ತಾರೆ, ಉಳಿದದ್ದು ಹಾಗೇ ಉಳಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಡಿ, ಬರೆದು ಕೊಡಿ.

ಮೊದಲು ನಾಲ್ವರೂ ಕೂತು ಒಂದು ಅಂಕಿಯನ್ನು ಒಪ್ಪಿಕೊಳ್ಳಬೇಕು, ನೀವು ಎಷ್ಟು ಹೊತ್ತಿನಲ್ಲಿ ಓಡುತ್ತೀರಿ ಎಂಬುದನ್ನು. 2:20ನ್ನು ಇಮ್ಮಡಿ ಮಾಡಿ 4:40 ಎಂದುಕೊಂಡರೆ 30 ಕಿ.ಮೀ. ಆಚೆ ಕಾಲು ಕೈಕೊಡುತ್ತದೆ. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ ಕೊಟ್ಟ ಸೂತ್ರದ ಪ್ರಕಾರ ದೂರ ಎರಡು ಪಟ್ಟಾದಾಗ ಸಮಯ ಸುಮಾರು 2.085 ಪಟ್ಟಾಗುತ್ತದೆ. ಅಂದರೆ 4 ಗಂಟೆ 52 ನಿಮಿಷ. ಆ ಸೂತ್ರ ದೂರದ ಓಟಕ್ಕೆ ಪೂರ್ತಿ ಪಳಗಿದ ದೇಹಕ್ಕೆ ಅನ್ವಯಿಸುತ್ತದೆ. ಮೊದಲ ಸಲ ಓಡುವವರು, ಅದೂ ಮುಂಬೈನ ತೇವದ ಗಾಳಿಯಲ್ಲಿ, 5 ಗಂಟೆಯಿಂದ 5 ಗಂಟೆ 10 ನಿಮಿಷ ಹಿಡಿದುಕೊಳ್ಳುವುದು ವಾಸಿ. ಮೊದಲ 5 ಕಿ.ಮೀ.ಯನ್ನು ಕಿ.ಮೀ.ಗೆ 7 ನಿಮಿಷ 25 ಸೆಕೆಂಡಿನಂತೆ, ಆಮೇಲೆ 7:10ರಂತೆ ಓಡಿದರೆ 5 ಗಂಟೆ 4 ನಿಮಿಷದ ಆಸುಪಾಸು ಮುಗಿಯುತ್ತದೆ. ಗೆಳೆಯರು ಎಲ್ಲಿ ಎಷ್ಟು ಗಂಟೆಗೆ ನಿಲ್ಲಬೇಕು, ಎಷ್ಟು ಜೆಲ್ (ಓಡುತ್ತಲೇ ನುಂಗುವ ಸಕ್ಕರೆ ಪಾಕದ ಸಣ್ಣ ಪೊಟ್ಟಣ) ಬೇಕು, ಎಷ್ಟು ನೀರು ಬೇಕು ಎಂಬುದೆಲ್ಲ ಈ ಅಂಕಿಯಿಂದಲೇ ಹುಟ್ಟುತ್ತದೆ.

ಓಡುವ ಗೆಳೆಯನ ಕೆಲಸ

ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ. ಅಲ್ಲಿಂದ ಹದಿನಾರು ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಕೊನೆ. ವಾರಕ್ಕೆ ನಾಲ್ಕು ಓಟ ಸಾಕು: ಎರಡು ಸಣ್ಣವು, ಒಂದು ಮಧ್ಯಮ, ಒಂದು ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ನಿಧಾನ ಓಟ. ವಾರದ ಒಟ್ಟು ದೂರ 35 ಕಿ.ಮೀ.ಯಿಂದ ಶುರುವಾಗಿ ಮೆಲ್ಲಗೆ 55ರವರೆಗೆ ಏರಲಿ. ಲಾಂಗ್ ರನ್ 16 ಕಿ.ಮೀ.ಗೆ ಆರಂಭವಾಗಿ 18, ಆಮೇಲೆ ಇಳಿದು 14. 20, 22, ಇಳಿದು 16. 24, 26, ಇಳಿದು 18 – ಹೀಗೆ ಎರಡು ವಾರ ಏರಿ ಒಂದು ವಾರ ಇಳಿಯುತ್ತ ಸಾಗುತ್ತದೆ. ಹತ್ತನೇ ವಾರ 28, ಆಮೇಲೆ 20, 24, ಹದಿಮೂರನೇ ವಾರ 30. ಅಲ್ಲಿಂದ 20, 13, ಮತ್ತೆ ಓಟವೇ. ಇಳಿಕೆಯ ಒಂದು ವಾರ ದೀಪಾವಳಿಗೆ ಬೀಳುವಂತೆ ಹಿಂದೆ ಮುಂದೆ ಮಾಡಿಕೊಳ್ಳಿ. ಹಬ್ಬದ ಮನೆಯಲ್ಲಿ ನಸುಕಿಗೇ ಮೂರು ಗಂಟೆ ಹೊರಗಿರಲು ಆಗುವುದಿಲ್ಲ, ಪಟಾಕಿ ಹೊಗೆಯಲ್ಲಿ ಓಡಿ ಸಿಗುವುದೂ ಏನಿಲ್ಲ.

ತಯಾರಿಯಲ್ಲೇ 42 ಓಡಿ ನೋಡಬೇಕೆ ಎಂದು ಗೆಳೆಯರು ಕೇಳುತ್ತಾರೆ. ಬೇಡ. ನಿಮ್ಮ ವೇಗಕ್ಕೆ 30 ಕಿ.ಮೀ. ಎಂದರೆ ಮೂರು ಮುಕ್ಕಾಲು ಗಂಟೆಗೂ ಮೇಲೆ. ಅದಕ್ಕಿಂತ ಹೆಚ್ಚು ಓಡಿದರೆ ಬರುವ ಲಾಭ ಕಡಿಮೆ, ಚೇತರಿಕೆಗೆ ತಗಲುವ ದಿನಗಳೇ ಹೆಚ್ಚು.

ಜೊತೆಗಾರನಿಂದ ಆಗುವ ಮುಖ್ಯ ತೊಂದರೆ ಇದು: ಅವನು ನಿಮಗಿಂತ ಚುರುಕು. ಪಕ್ಕದಲ್ಲೇ ಓಡುತ್ತಿದ್ದರೂ ಅವನ ಭುಜ ನಿಮ್ಮ ಭುಜಕ್ಕಿಂತ ಅರ್ಧ ಹೆಜ್ಜೆ ಮುಂದಿರುತ್ತದೆ. ನೀವು ಗೊತ್ತಿಲ್ಲದೆಯೇ ಅದನ್ನು ಸರಿಗಟ್ಟಲು ಹೋಗುತ್ತೀರಿ, ಮತ್ತೆ ಅವನು ಮುಂದಾಗುತ್ತಾನೆ. ಹೀಗೆ ಕಿ.ಮೀ.ಗೆ 7:45ರಲ್ಲಿ ಓಡಬೇಕಿದ್ದ ಲಾಂಗ್ ರನ್ 6:50ಕ್ಕೆ ಇಳಿದು, ಮರುವಾರ ಮೊಣಕಾಲೋ ಮೀನಖಂಡವೋ ನೋಯತೊಡಗುತ್ತದೆ. ಹಾಗಾಗಿ ಅವನಿಗೆ ಕೊಡುವ ಮೊದಲ ನಿಯಮ: ಸದಾ ಅರ್ಧ ಹೆಜ್ಜೆ ಹಿಂದೆ. ಎರಡನೆಯದು: ಗಡಿಯಾರ ನೋಡುವವನು ಅವನು, ನೀವಲ್ಲ. ಮೂರನೆಯದು: ನಿಮ್ಮನ್ನು ಮಾತಾಡಿಸುತ್ತ ಇರಬೇಕು. ಒಂದು ಪೂರ್ತಿ ವಾಕ್ಯ ಹೇಳಲು ನೀವು ನಡುವೆ ಉಸಿರು ಎಳೆದುಕೊಂಡರೆ ವೇಗ ಹೆಚ್ಚಾಗಿದೆ ಎಂದೇ ಅರ್ಥ.

ಅವನು ಲಾಂಗ್ ರನ್‌ನ ಮೊದಲ ಹತ್ತು ಕಿ.ಮೀ.ಗೆ ಬರುವುದಕ್ಕಿಂತ ಕೊನೆಯ ಹತ್ತಕ್ಕೆ ಬರಲಿ. 26 ಓಡುವ ದಿನ ನೀವು 16 ಒಬ್ಬರೇ ಮುಗಿಸಿ ಉಣಕಲ್ ಕೆರೆಯ ಹತ್ತಿರ ಬಂದಾಗ ಅವನು ಅಲ್ಲಿ ಸಿದ್ಧನಿರಬೇಕು. ದಣಿದ ಕಾಲಿಗೆ ಹೊಸ ಜೊತೆ ಸಿಕ್ಕರೆ ಎಷ್ಟು ಚೈತನ್ಯ ಬರುತ್ತದೆ ಎಂಬುದು ಓಡಿದವರಿಗಷ್ಟೇ ಗೊತ್ತು. ಆದರೆ 28 ಮತ್ತು 30ರ ದಿನಗಳಲ್ಲಿ ಅವನು ಬರಬಾರದು. ಓಟದ ದಿನ ಕೊನೆಯ ಹತ್ತನ್ನು ನೀವೊಬ್ಬರೇ ದಾಟಬೇಕು, ಅದನ್ನೂ ಒಮ್ಮೆ ಕಲಿತಿರಬೇಕು.

ಇನ್ನೊಂದು ಕೆಲಸ ಅವನಿಗೇ ಸರಿ: ಏರು. ಮುಂಬೈ ಸಮುದ್ರದಂಡೆಯ ಊರು, ಸಪಾಟು ಎಂದುಕೊಂಡು ಹೋದವರು ಪೆಡ್ಡರ್ ರೋಡ್‌ನಲ್ಲಿ ನಿಂತುಬಿಡುತ್ತಾರೆ. ರೂಢಿಯ ದಾರಿಯಲ್ಲಿ ಆ ಏರು ಮರಳುವಾಗ, ಸುಮಾರು 35 ಕಿ.ಮೀ. ಆದಮೇಲೆ ಎದುರಾಗುತ್ತದೆ. ಬೆಳಗಿನ ಹೊತ್ತಿನಲ್ಲಿ ಅದು ಏರೇ ಅಲ್ಲ, ದಣಿದಾಗ ಅದೇ ಬೆಟ್ಟ. ವಾರದ ಮಧ್ಯಮ ಓಟವನ್ನು ಎರಡು ವಾರಕ್ಕೊಮ್ಮೆ ನೃಪತುಂಗ ಬೆಟ್ಟದ ರಸ್ತೆಗೆ ಒಯ್ಯಿರಿ. ಒಂದೂವರೆ ಎರಡು ನಿಮಿಷ ಹತ್ತುವುದು, ನಡೆದು ಇಳಿಯುವುದು, ಆರರಿಂದ ಎಂಟು ಸಲ. ಹತ್ತುವಾಗ ವೇಗ ಕಾಪಾಡುವುದಲ್ಲ, ಉಸಿರು ಕಾಪಾಡುವುದು. ಹೆಜ್ಜೆ ಚಿಕ್ಕದು, ನೋಟ ಹತ್ತು ಮೀಟರ್ ಮುಂದೆ. ಓಟದ ದಿನ ಆ ಏರನ್ನು ನಡೆದೇ ಹತ್ತಿದರೂ ಕಳೆದುಕೊಳ್ಳುವುದು ಎರಡು ಮೂರು ನಿಮಿಷ ಮಾತ್ರ.

ಸೈಕಲ್ ಗೆಳತಿಯ ಕೆಲಸ

ಇವರದೇ ಅತಿ ಮುಖ್ಯವಾದ ಪಾತ್ರ ಎಂಬುದು ನಮ್ಮ ಅಭಿಪ್ರಾಯ. ಗಂಟೆಗೆ ಎಂಟು ಕಿ.ಮೀ. ವೇಗದಲ್ಲಿ ಸೈಕಲ್ಲನ್ನು ಪಕ್ಕದಲ್ಲಿ ತುಳಿಯುವುದು ಕಷ್ಟ, ತೂಗಾಡಿ ಕಾಲಿಗೆ ತಾಗುತ್ತದೆ. ಎರಡು ಕಿ.ಮೀ. ಮುಂದೆ ಹೋಗಿ ನಿಂತು ಕಾಯುವುದು, ನೀವು ದಾಟಿದ ಮೇಲೆ ಮತ್ತೆ ಮುಂದೆ ಹೋಗುವುದು ಸರಿಯಾದ ಕ್ರಮ. ಕತ್ತಲಿರುವಷ್ಟು ಹೊತ್ತು ಮಾತ್ರ ನಿಮ್ಮ ಹಿಂದೆಯೇ ಇರಲಿ, ಹಿಂದುಗಡೆ ಕೆಂಪು ದೀಪ ಮಿನುಗುತ್ತಿರಲಿ, ಇಬ್ಬರಿಗೂ ಹೊಳೆಯುವ ಪಟ್ಟಿಯ ಜಾಕೆಟ್ ಇರಲಿ. ನವೆಂಬರ್ ಬಂತೆಂದರೆ ಧಾರವಾಡದಿಂದ ಹಳಿಯಾಳದ ಕಡೆಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೀಪವಿಲ್ಲದೆ ಓಡಾಡುತ್ತವೆ, ಹೇರು ಎರಡೂ ಪಕ್ಕ ಚಾಚಿರುತ್ತದೆ. ಆ ತಿಂಗಳುಗಳಲ್ಲಿ ಊರೊಳಗಿನ ದೀಪವಿರುವ ರಸ್ತೆಯೇ ಲೇಸು. ಬೀದಿನಾಯಿಗಳು ಬೆನ್ನಟ್ಟಿದರೆ ಓಡಬೇಡಿ, ನಿಲ್ಲಿ. ಗೆಳತಿ ಸೈಕಲ್ ಇಳಿದು ಅದನ್ನು ನಡುವೆ ಅಡ್ಡ ಹಿಡಿಯಲಿ.

ಅವರ ಚೀಲದಲ್ಲಿ ಇರಬೇಕಾದದ್ದು: ಅರ್ಧ ಲೀಟರಿನ ಎರಡು ಬಾಟಲಿ (ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್), ಎರಡು ಬಾಳೆಹಣ್ಣು, ಜೆಲ್, ವ್ಯಾಸಲೀನ್, ಅಂಟುಪಟ್ಟಿ, ಒಣ ಕಾಲುಚೀಲ, ನೂರಿನ್ನೂರು ರೂಪಾಯಿ ಚಿಲ್ಲರೆ. ಓಆರ್‌ಎಸ್ ಬೆರೆಸುವಾಗ ಜನ ಮಾಡುವ ತಪ್ಪು, ದೊಡ್ಡ ಪೊಟ್ಟಣದ ಅರ್ಧವನ್ನು ಲೆಕ್ಕವಿಲ್ಲದಷ್ಟು ನೀರಿಗೆ ಹಾಕುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ 20.5 ಗ್ರಾಂ ಪೊಟ್ಟಣ ಇಡಿಯಾಗಿ ಒಂದು ಲೀಟರ್ ನೀರಿಗೆ. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ ಮಾತ್ರ, ಆದ್ದರಿಂದ ಅದು ಉಪ್ಪಿಗೆ ಆಧಾರ, ಶಕ್ತಿಗೆ ಅಲ್ಲ. ಶಕ್ತಿಗೆ ಬೇರೆ ತಿನ್ನಲೇಬೇಕು.

ಎಷ್ಟು ತಿನ್ನಬೇಕು? ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಮೊದಲ ಸಲದವರ ಹೊಟ್ಟೆಗೆ 40ರ ಆಸುಪಾಸು ಹಿತ. ಒಂದು ಜೆಲ್‌ನಲ್ಲಿ 20ರಿಂದ 25 ಗ್ರಾಂ ಇರುತ್ತದೆ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲೂ ಅಷ್ಟೇ, 20 ಗ್ರಾಂ ತೂಕದ ಬೆಲ್ಲದ ತುಂಡಿನಲ್ಲಿ ಅದಕ್ಕಿಂತ ತುಸು ಕಡಿಮೆ. ಶೇಂಗಾ ಚಿಕ್ಕಿ ರುಚಿಯೇನೋ ಸರಿ, ಆದರೆ ಅದರ ಎಣ್ಣೆಯಂಶ ಹೊಟ್ಟೆಯಲ್ಲಿ ನಿಧಾನವಾಗುತ್ತದೆ, ಒಣಬಾಯಿಗೆ ಅಂಟುತ್ತದೆ. ಓಟ ಮುಗಿದ ಮೇಲೆ ತಿನ್ನಿ. ಮೊದಲ ಜೆಲ್ 40ನೇ ನಿಮಿಷಕ್ಕೆ, ಆಮೇಲೆ ಪ್ರತಿ 40 ನಿಮಿಷಕ್ಕೆ ಒಂದು. ಐದು ಗಂಟೆಗೆ ಏಳು ಜೆಲ್ ಆಗುತ್ತವೆ, ಉಳಿದದ್ದು ಬಾಳೆಹಣ್ಣಿನ ತುಂಡು ಮತ್ತು ದಾರಿಯ ಪಾನೀಯದಿಂದ ತುಂಬುತ್ತದೆ. ಜೆಲ್ ಜೊತೆ ಬರೀ ನೀರೇ ಕುಡಿಯಬೇಕು. ಸಿಹಿ ಪಾನೀಯದ ಜೊತೆ ನುಂಗಿದರೆ ಸಕ್ಕರೆ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತು ವಾಕರಿಕೆ ತರುತ್ತದೆ. 20 ಕಿ.ಮೀ. ದಾಟುವ ಪ್ರತಿ ಲಾಂಗ್ ರನ್‌ನಲ್ಲೂ ಇದೇ ಗಡಿಯಾರ ಪಾಲಿಸಿ. ಗೆಳತಿಯ ಫೋನಿನಲ್ಲಿ 40 ನಿಮಿಷಕ್ಕೊಮ್ಮೆ ಅಲಾರಂ ಇಟ್ಟರೆ ನೀವು ಹಸಿವಿಲ್ಲ ಎಂದು ತಪ್ಪಿಸುವುದು ನಿಲ್ಲುತ್ತದೆ. ಹಸಿವಾದ ಮೇಲೆ ತಿಂದರೆ ಹೊತ್ತು ಮೀರಿರುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಬಹುತೇಕರಿಗೆ ಬರುವುದು 30 ಕಿ.ಮೀ. ಸುತ್ತಮುತ್ತಲಿನವರೆಗೆ.

ನೀರಿನ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ, ತೂಗಿ ನೋಡಿ. ಶೌಚ ಮುಗಿಸಿ ತೂಕ ನೋಡಿಕೊಂಡು ಒಂದು ಗಂಟೆ ಓಡಿ, ಮೈ ಒರೆಸಿಕೊಂಡು ಮತ್ತೆ ತೂಗಿ. 600 ಗ್ರಾಂ ಇಳಿದಿದ್ದು, ನಡುವೆ 200 ಮಿ.ಲೀ. ಕುಡಿದಿದ್ದರೆ ನಿಮ್ಮ ಬೆವರು ಗಂಟೆಗೆ 800 ಮಿ.ಲೀ. ಹುಬ್ಬಳ್ಳಿಯ ಡಿಸೆಂಬರ್ ಬೆಳಗು ತಂಪು, ಗಾಳಿ ಒಣ. ಅಲ್ಲಿ ತೂಗಿದ ಅಂಕಿ ಮುಂಬೈಗೆ ಹೊಂದುವುದಿಲ್ಲ. ಅಕ್ಟೋಬರಿನ ಒಂದು ಸೆಖೆಯ ದಿನ ತೂಗಿ. ಬೆವರಿದಷ್ಟನ್ನೂ ಕುಡಿದು ತುಂಬಿಸಬೇಕಿಲ್ಲ, ಅದಕ್ಕಿಂತ ಹೆಚ್ಚು ಕುಡಿಯಲೇಬಾರದು. ಕೊನೆಯ ಮೂರು ವಾರಗಳಲ್ಲಿ ನಾಲ್ಕೈದು ಸಣ್ಣ ಓಟಗಳನ್ನು ಮಧ್ಯಾಹ್ನ ನಾಲ್ಕರ ಬಿಸಿಲಿಗೆ, ಮೈಮೇಲೆ ಒಂದು ಅಂಗಿ ಹೆಚ್ಚಾಗಿಯೇ ಇಟ್ಟು, 40 ನಿಮಿಷ ನಿಧಾನಕ್ಕೆ ಓಡಿದರೆ ದೇಹ ಬೇಗ ಬೆವರುವುದನ್ನು ಕಲಿಯುತ್ತದೆ. ಗೆಳತಿ ಜೊತೆಗಿದ್ದರೆ ಮಾತ್ರ ಇದನ್ನು ಮಾಡಿ.

ಸೈಕಲ್ ಗೆಳತಿಗೆ ಇನ್ನೊಂದು ಅಧಿಕಾರವನ್ನೂ ಕೊಡಿ: ನಿಲ್ಲಿಸುವ ಅಧಿಕಾರ. ಗುರಿ ಹತ್ತಿರ ಬಂದಂತೆ ಓಡುವವರು ತಮ್ಮ ನೋವಿನ ಬಗ್ಗೆ ಸುಳ್ಳು ಹೇಳತೊಡಗುತ್ತಾರೆ, ಹೊರಗಿನ ಕಣ್ಣಿಗೆ ಅದು ಕಾಣುತ್ತದೆ. ಮೂರು ಗುರುತು ಸಾಕು. ನೋವಿನಿಂದ ಹೆಜ್ಜೆ ಕುಂಟಿದರೆ ಅಂದಿನ ಓಟ ಅಲ್ಲಿಗೇ ನಿಲ್ಲಬೇಕು. ಮೊಣಕಾಲ ಕೆಳಗಿನ ಎಲುಬನ್ನು ಒಂದೇ ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ಚುರುಕ್ ಎಂದರೆ ಎಲುಬಿನ ಸೀಳು ಇರಬಹುದು, ಓಟ ಬಿಟ್ಟು ಮೂಳೆ ವೈದ್ಯರ ಬಳಿ. ಜ್ವರ, ಎದೆಗಟ್ಟು ಕೆಮ್ಮು ಇದ್ದರೆ ಓಟವಿಲ್ಲ. ಯಾವ ಕಾರಣಕ್ಕಾದರೂ ಮೂರು ವಾರಕ್ಕೂ ಹೆಚ್ಚು ತಪ್ಪಿದರೆ ಈ ಸಲದ 42 ಬಿಟ್ಟುಬಿಡಿ. ಡಿಸೆಂಬರ್ ಕೊನೆಯ ವಾರ ಗೆಳತಿಯ ಜೊತೆ ಕೂತು ಓಡುವುದೋ ಬಿಡುವುದೋ ನಿರ್ಧರಿಸಿ, ಮತ್ತೆ ಆ ಮಾತು ಎತ್ತಬೇಡಿ.

ಶುರು ಮಾಡುವ ಮುಂಚೆಯೇ ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆ, ಇಸಿಜಿ ನೋಡಿಸಿಕೊಳ್ಳಿ. ಹೆಂಗಸರಾದ್ದರಿಂದ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ. ಕಬ್ಬಿಣಾಂಶ ಕಡಿಮೆಯಿದ್ದರೆ ಎಷ್ಟು ಓಡಿದರೂ ಸುಸ್ತು ಬಿಡುವುದಿಲ್ಲ, ತಯಾರಿ ಸಾಲದು ಎಂದು ಇನ್ನಷ್ಟು ಓಡಿ ಹದಗೆಡುತ್ತದೆ. ಶೂ ನವೆಂಬರಿನಲ್ಲೇ ಕೊಂಡು ನೂರು ಕಿ.ಮೀ.ಯಾದರೂ ಓಡಿಸಿ. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗ ಬೇಕು.

ದಾದರ್ ಗೆಳೆಯನ ಕೆಲಸ

ಓಡದವನು ಎಂದು ಇವನನ್ನು ಕಡೆಗಣಿಸಬೇಡಿ. ಓಟದ ದಿನದ ಯಜಮಾನ ಇವನೇ. ಶುಕ್ರವಾರ ಬೆಳಿಗ್ಗೆ ಮುಂಬೈ ತಲುಪುವಂತೆ ಹೊರಡಿ, ಶನಿವಾರ ಅಲ್ಲ. ರಾತ್ರಿ ಬಸ್ಸಿನಲ್ಲಿ ಕೂತು ಬಂದ ಕಾಲಿನ ಊತ ಇಳಿಯಲು ಒಂದು ದಿನ ಬೇಕು. ಬಿಬ್ ಕೊಡುವುದು ಓಟಕ್ಕೆ ಮುಂಚಿನ ದಿನಗಳಲ್ಲಿ ನಡೆಯುವ ಎಕ್ಸ್‌ಪೋದಲ್ಲಿ. ಶುಕ್ರವಾರವೇ ಹೋಗಿ ತನ್ನಿ. ಅಲ್ಲಿ ಮಳಿಗೆ ಮಳಿಗೆ ಸುತ್ತುತ್ತ ಮೂರು ಗಂಟೆ ನಿಂತರೆ ಒಂದು ಓಟದಷ್ಟೇ ದಣಿವು.

ಮುಂಬೈಯಲ್ಲಿ ಓಟ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರಿನಿಂದ ಬೆಳಗಿನ 5 ಗಂಟೆ ಹೊತ್ತಿಗೆ ಹೊರಡುತ್ತದೆ. ಹಾಗಾದರೆ ತಿಂಡಿ ಎರಡೂವರೆಗೆ. ಆ ಹೊತ್ತಿನಲ್ಲಿ ಇಡ್ಲಿ ಕೊಡುವ ಹೋಟೆಲು ಹುಡುಕುವುದು ವ್ಯರ್ಥ. ಲಾಂಗ್ ರನ್‌ಗೆ ಮುಂಚೆ ಮನೆಯಲ್ಲಿ ಏನು ತಿನ್ನುತ್ತಿದ್ದಿರೋ ಅದನ್ನೇ ಅವನ ಮನೆಯಲ್ಲಿ ಹಿಂದಿನ ರಾತ್ರಿ ಸಿದ್ಧಮಾಡಿಡಲಿ: ಮೂರು ನಾಲ್ಕು ಇಡ್ಲಿ ಸಕ್ಕರೆಯ ಜೊತೆ, ಅಥವಾ ಬ್ರೆಡ್ಡು ಜಾಮು, ಒಂದು ಬಾಳೆಹಣ್ಣು, ರೂಢಿಯಿದ್ದರೆ ಚಹಾ. ಸಾಂಬಾರು, ಚಟ್ನಿ, ಹಾಲು ಬೇಡ. ಶನಿವಾರ ರಾತ್ರಿ ಏಳರೊಳಗೆ ಅನ್ನ ಸಾರು, ಸಾದಾ ಪಲ್ಯ, ಅಷ್ಟೇ. ಊರಿನಿಂದ ಗೆಳತಿ ಬಂದಿದ್ದಾಳೆ ಎಂದು ಪಾವ್ ಭಾಜಿಗೆ ಕರೆದರೆ ಭಾನುವಾರ ಸಂಜೆಗೆ ಹೋಗೋಣ ಎನ್ನಿ. ಆ ನಸುಕಿಗೆ ಓಟಗಾರರಿಗಾಗಿ ವಿಶೇಷ ಲೋಕಲ್ ರೈಲುಗಳಿವೆಯೇ ಎಂದು ಅವನು ಆ ವಾರದ ಪ್ರಕಟಣೆ ನೋಡಲಿ.

ಇನ್ನು ದಾರಿ. ನಕ್ಷೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ನಕ್ಷೆಯನ್ನು ಮುದ್ರಿಸಿ ಅದರ ಮೇಲೇ ಗುರುತು ಹಾಕಿ. ರೂಢಿಯ ದಾರಿ ಮರೀನ್ ಡ್ರೈವ್, ಹಾಜಿ ಅಲಿ, ವರ್ಲಿ ದಾಟಿ ಬಾಂದ್ರಾ–ವರ್ಲಿ ಸೀ ಲಿಂಕ್ ಎಂಬ ಸಮುದ್ರದ ಮೇಲಿನ ಸೇತುವೆ ಏರಿ, ಮಾಹಿಮ್, ಶಿವಾಜಿ ಪಾರ್ಕ್ ಕಡೆಯಿಂದ ಮರಳಿ ಪೆಡ್ಡರ್ ರೋಡ್, ಮರೀನ್ ಡ್ರೈವ್ ಮೂಲಕ ಹೊರಟಲ್ಲಿಗೇ ಬರುತ್ತದೆ. ಜನವರಿಯಲ್ಲಿ ಮುಂಬೈಗೆ ಸೂರ್ಯ ಬರುವುದು ಏಳೂಕಾಲು ಹೊತ್ತಿಗೆ. ಅಲ್ಲಿಯವರೆಗೆ ಓಡುವವರು ಕತ್ತಲಲ್ಲೇ, ತಂಪಿನಲ್ಲೇ ಇರುತ್ತಾರೆ. ಆ ತಂಪು ಮೋಸದ್ದು, ಎಲ್ಲರೂ ಅಲ್ಲೇ ವೇಗ ಹೆಚ್ಚಿಸಿಕೊಳ್ಳುತ್ತಾರೆ. ಸೀ ಲಿಂಕ್ ಮೇಲೆ ನೋಡುಗರಿಗೆ ಜಾಗವಿಲ್ಲ, ನೆರಳೂ ಇಲ್ಲ. ಹಾಗಾಗಿ ಗೆಳೆಯರು ಸಿಗಬೇಕಾದದ್ದು ಅದನ್ನು ಇಳಿದ ಮೇಲೆ.

ಎರಡೇ ಜಾಗ ಸಾಕು. ಮೊದಲನೆಯದು ಶಿವಾಜಿ ಪಾರ್ಕ್ ಆಸುಪಾಸು, ಸುಮಾರು 25 ಕಿ.ಮೀ.ಗೆ. ಎರಡನೆಯದು ಪೆಡ್ಡರ್ ರೋಡ್ ಇಳಿದ ಮೇಲೆ ಮರೀನ್ ಡ್ರೈವ್‌ನಲ್ಲಿ, ಸುಮಾರು 38ಕ್ಕೆ. ಜನಜಂಗುಳಿಯಲ್ಲಿ ನೀವು ಆರಂಭದ ಗೆರೆ ದಾಟಲು ಏಳೆಂಟು ನಿಮಿಷ ಹಿಡಿಯಿತು ಎಂದುಕೊಳ್ಳೋಣ. ಆಗ 25ಕ್ಕೆ 8 ಗಂಟೆ 8 ನಿಮಿಷದ ಹೊತ್ತಿಗೆ, 38ಕ್ಕೆ 9:41ರ ಹೊತ್ತಿಗೆ, ಮುಕ್ತಾಯಕ್ಕೆ 10:12ರ ಹೊತ್ತಿಗೆ ಬರುತ್ತೀರಿ. 25ರಲ್ಲಿ ನಿಮ್ಮನ್ನು ಕಂಡ ಮೇಲೆ ಅವನ ಕೈಯಲ್ಲಿ ಒಂದೂವರೆ ಗಂಟೆಯಿದೆ. ಶಿವಾಜಿ ಪಾರ್ಕ್‌ನಿಂದ ದಾದರ್ ನಿಲ್ದಾಣಕ್ಕೆ ಇಪ್ಪತ್ತು ನಿಮಿಷದ ನಡಿಗೆ, ಅಲ್ಲಿಂದ ವೆಸ್ಟರ್ನ್ ಲೈನ್‌ನ ಸ್ಲೋ ಲೋಕಲ್‌ನಲ್ಲಿ ಪ್ರಭಾದೇವಿ, ಲೋವರ್ ಪರೇಲ್, ಮಹಾಲಕ್ಷ್ಮಿ, ಮುಂಬೈ ಸೆಂಟ್ರಲ್, ಗ್ರಾಂಟ್ ರೋಡ್ ದಾಟಿ ಚರ್ನಿ ರೋಡ್. ಇಳಿದರೆ ಎದುರಿಗೇ ಸಮುದ್ರ. ಟ್ಯಾಕ್ಸಿ ನಂಬಬಾರದು, ಅಂದು ರಸ್ತೆಗಳು ಮುಚ್ಚಿರುತ್ತವೆ.

ಗೆಳೆಯರು ಸಿಗದೆ ಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ರಸ್ತೆಯ ಯಾವ ಪಕ್ಕ ಎಂದು ಹೇಳಿರುವುದಿಲ್ಲ. ‘ಓಡುವವಳ ಎಡಗಡೆ’ ಎಂದು ಬರೆದಿಡಿ. ಸಾವಿರಾರು ಮುಖಗಳಲ್ಲಿ ನೀವು ಅವನನ್ನು ಹುಡುಕುವುದು ಕಷ್ಟ, ಆದ್ದರಿಂದ ಎತ್ತರಕ್ಕೆ ಕಾಣುವ ಗುರುತು ಬೇಕು. ಹಳದಿ ಕೆಂಪು ಬಾವುಟ ಮುಂಬೈ ಬೀದಿಯಲ್ಲಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ, ಊರಿನ ನೆನಪೂ ಆಗುತ್ತದೆ. ಹೇಳಿದ ಸಮಯಕ್ಕಿಂತ 25 ನಿಮಿಷ ಕಳೆದರೂ ನೀವು ಬರದಿದ್ದರೆ ಅವನು ಅಲ್ಲೇ ನಿಲ್ಲದೆ ಮುಂದಿನ ಜಾಗಕ್ಕೆ ಹೋಗಲಿ. ಬಹುಶಃ ಕಣ್ತಪ್ಪಿ ದಾಟಿರುತ್ತೀರಿ. ನೀವು ಫೋನ್ ಮಾಡಲು ನಿಲ್ಲಬೇಡಿ.

ಅವನ ಕೈಯಲ್ಲಿರುವುದೆಲ್ಲ ಹೆಚ್ಚುವರಿ, ಬೇಕಾದದ್ದೆಲ್ಲ ನಿಮ್ಮ ಸೊಂಟದ ಪಟ್ಟಿಯಲ್ಲೇ ಇರಬೇಕು. ಏಳು ಜೆಲ್‌ಗಳೂ ನಿಮ್ಮಲ್ಲೇ ಇರಲಿ, ಅವನ ಬಳಿ ಇನ್ನೆರಡು, ವ್ಯಾಸಲೀನ್, ಒಣ ಟೋಪಿ. ಅಧಿಕೃತ ನೀರಿನ ಮೇಜುಗಳ ಹೊರಗೆ ಏನನ್ನಾದರೂ ಪಡೆಯಬಹುದೇ ಎಂಬುದಕ್ಕೆ ಆ ವರ್ಷದ ನಿಯಮಪುಸ್ತಿಕೆಯೇ ಪ್ರಮಾಣ, ಮೊದಲೇ ಓದಿ. ಕೊಡುವುದಿದ್ದರೂ ಅವನು ಫುಟ್‌ಪಾತ್ ಬಿಟ್ಟು ಇಳಿಯಬಾರದು. ಓಡುವ ಗೆಳೆಯ ಹೇಗೂ ಮುಂಬೈಗೆ ಬರುವವನಿದ್ದರೆ ಅದೇ ದಿನದ 10 ಕಿ.ಮೀ. ಓಟಕ್ಕೆ ತನ್ನ ಹೆಸರಿನಲ್ಲೇ ನೋಂದಾಯಿಸಿಕೊಳ್ಳಲಿ. ಮುಗಿಸಿ ಬಂದು 38ರಲ್ಲಿ ಬಾವುಟ ಹಿಡಿಯಲು ಬೇಕಾದಷ್ಟು ಹೊತ್ತಿದೆ.

ಏನು ಹೇಳಬೇಕು ಎಂಬುದೂ ಮುಖ್ಯ. 25 ಕಿ.ಮೀ.ಯಲ್ಲಿ ನಿಂತು ‘ಇನ್ನ ಸ್ವಲ್ಪ ಐತಿ’ ಎನ್ನುವುದು ಪ್ರೀತಿಯ ಮಾತೇ, ಆದರೆ ಇನ್ನೂ ಎರಡು ಗಂಟೆ ಓಡಬೇಕಾದವಳಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ, ಮನಸ್ಸು ಕುಗ್ಗುತ್ತದೆ. ‘ಹೆಂಗ ಆಗೇತಿ?’ ಎಂದೂ ಕೇಳಬಾರದು, ಆ ಹೊತ್ತಿನಲ್ಲಿ ಒಳ್ಳೆಯ ಉತ್ತರ ಇರುವುದಿಲ್ಲ. ಕೇಳಬೇಕಾದ್ದು ‘ಎಷ್ಟನೇ ಜೆಲ್ ಆತು?’ ಎಂದು. ಸರಿಯಾದ ಉತ್ತರ ‘ನಾಲ್ಕು’. ಮೂರೇ ಎಂದರೆ ಅಲ್ಲೇ ಒಂದು ತಿನ್ನಿಸಬೇಕು. ತಡವರಿಸಿದರೆ, ಸಂಬಂಧವಿಲ್ಲದ ಮಾತಾಡಿದರೆ, ನೇರ ನಡೆಯಲಾಗದಿದ್ದರೆ ಅದು ಬರೀ ದಣಿವಲ್ಲ.

ಇಲ್ಲಿ ಮೂವರೂ ತಿಳಿದಿರಬೇಕಾದ ಎರಡು ಅಪಾಯಗಳಿವೆ. ಒಂದು, ಬಿಸಿಲಿನ ಹೊಡೆತ: ಮೈ ಸುಡುತ್ತಿರುತ್ತದೆ, ಬೆವರೂ ಇರಬಹುದು, ಮಾತು ತೊದಲುತ್ತದೆ. ತಕ್ಷಣ ವೈದ್ಯಕೀಯ ಸಿಬ್ಬಂದಿಯನ್ನು ಕರೆದು, ಅವರು ಬರುವಷ್ಟರಲ್ಲಿ ನೆರಳಿಗೆ ಸರಿಸಿ, ತಣ್ಣೀರು ಸುರಿದು, ಕುತ್ತಿಗೆ ಕಂಕುಳಿಗೆ ಐಸು ಇಟ್ಟು ಗಾಳಿ ಬೀಸಬೇಕು. ತಂಪು ಮಾಡುವುದು ಮೊದಲು, ಸಾಗಿಸುವುದು ಆಮೇಲೆ. ಎರಡನೆಯದು ತದ್ವಿರುದ್ಧ: ನೀರು ಅತಿಯಾಗಿ ರಕ್ತದಲ್ಲಿ ಸೋಡಿಯಂ ಇಳಿಯುವುದು. ನಾಲ್ಕು ಗಂಟೆಗೂ ಹೆಚ್ಚು ಓಡುವವರಲ್ಲಿ, ಸಣ್ಣ ಮೈಕಟ್ಟಿನವರಲ್ಲಿ ಇದರ ಅಪಾಯ ಜಾಸ್ತಿ. ಉಂಗುರ ಬಿಗಿಯಾಗುತ್ತದೆ, ಬೆರಳು ಊದುತ್ತದೆ, ತಲೆನೋವು, ವಾಂತಿ, ಗೊಂದಲ. ಇಂಥ ಹೊತ್ತಿನಲ್ಲಿ ‘ನೀರು ಕುಡಿ, ನೀರು ಕುಡಿ’ ಎಂದು ಒತ್ತಾಯಿಸುವ ಗೆಳೆಯನೇ ಅಪಾಯ. ಎರಡರಲ್ಲೂ ಗೊಂದಲ ಕಂಡರೆ ಬಾಯಿಗೆ ಏನೂ ಹಾಕದೆ ವೈದ್ಯರಿಗೆ ಒಪ್ಪಿಸಿ. ಎದೆನೋವು ಎಂದರೆ ಓಟ ಅಲ್ಲಿಗೇ ಮುಗಿಯಿತು. ನೋವಿನ ಮಾತ್ರೆ ಯಾರೂ ಕೊಡಬಾರದು. ಐಬುಪ್ರೊಫೆನ್ ಬಗೆಯವು ಓಟದ ನಡುವೆ ಮೂತ್ರಪಿಂಡಕ್ಕೆ ಹಾನಿ, ಸೋಡಿಯಂ ಇಳಿತವನ್ನೂ ಹೆಚ್ಚಿಸುತ್ತವೆ.

ಗೆರೆ ದಾಟಿದ ಮೇಲೆ

ಮುಕ್ತಾಯದ ಒಳಾವರಣಕ್ಕೆ ಗೆಳೆಯರನ್ನು ಬಿಡುವುದಿಲ್ಲ. ಹೊರಗೆ ಒಂದು ಕಟ್ಟಡದ ಬಾಗಿಲನ್ನು ಗೊತ್ತುಮಾಡಿಕೊಳ್ಳಿ, ಗೆರೆ ದಾಟಿದ ಮೇಲೆ ಅಲ್ಲಿಗೆ ಬರಲು ನಿಮಗೆ ಅರ್ಧ ಗಂಟೆ ಬೇಕಾಗುತ್ತದೆ ಎಂದು ಅವರಿಗೆ ಹೇಳಿರಿ. ಮುಗಿದ ಕೂಡಲೇ ಕೂರಬೇಡಿ. ಕಾಲಿನಲ್ಲಿ ರಕ್ತ ನಿಂತು ತಲೆ ತಿರುಗಿ ಬೀಳುವುದು ಓಡುವಾಗಲ್ಲ, ನಿಂತಾಗ. ಹತ್ತು ಹದಿನೈದು ನಿಮಿಷ ನಡೆಯಿರಿ. ತಲೆ ತಿರುಗಿದರೆ ಮಲಗಿಸಿ ಕಾಲು ಎತ್ತರಕ್ಕೆ ಹಿಡಿಯಲಿ. ದಾದರ್ ಗೆಳೆಯನ ಚೀಲದಲ್ಲಿ ಒಣ ಬಟ್ಟೆ, ಒಂದು ಸೈಜು ದೊಡ್ಡ ಚಪ್ಪಲಿ, ಉಪ್ಪು ಹಾಕಿದ ಮಜ್ಜಿಗೆ, ಈಗ ಆ ಚಿಕ್ಕಿ. ಅಂದೇ ಗಟ್ಟಿಯಾಗಿ ಮಾಲೀಶು ಮಾಡಿಸಬೇಡಿ, ಸೂಕ್ಷ್ಮವಾಗಿ ಹರಿದ ಸ್ನಾಯುವಿಗೆ ಅದು ಇನ್ನಷ್ಟು ಪೆಟ್ಟು.

ಹುಬ್ಬಳ್ಳಿಗೆ ಮರಳುವ ಟಿಕೆಟನ್ನು ಈಗಲೇ ಕಾಯ್ದಿರಿಸುವಾಗ ಕೆಳಗಿನ ಬರ್ತ್ ಕೇಳಿ, ಅಂದು ಮೇಲಿನ ಬರ್ತ್‌ಗೆ ಹತ್ತಲು ನಿಮ್ಮಿಂದ ಆಗದು. ಮುಂದಿನ ಎರಡು ದಿನ ಮೂತ್ರದ ಬಣ್ಣ ಗಮನಿಸಿ. ಕಡು ಕಂದಾಗಿ, ಕೋಲಾ ಬಣ್ಣದಲ್ಲಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದನ್ನು ಕೇಳಿ ತಿಳಿದುಕೊಳ್ಳುವ ಕೆಲಸ ಸೈಕಲ್ ಗೆಳತಿಯದೇ ಆಗಿರಲಿ, ಸೋಮವಾರ ಒಮ್ಮೆ, ಮಂಗಳವಾರ ಒಮ್ಮೆ. ಒಂದು ವಾರ ಓಟವಿಲ್ಲ, ನಡಿಗೆ ಮಾತ್ರ. ಎರಡನೇ ವಾರ ಓಡುವ ಗೆಳೆಯನ ಜೊತೆ ಅರ್ಧ ಗಂಟೆ, ಅವನು ಮತ್ತೆ ಅರ್ಧ ಹೆಜ್ಜೆ ಹಿಂದೆ.